ಹುಚ್ಚೆಳ್ಳು: ಬೀಜವೋ, ಕಾಯಿಯೋ, ಬರೀ ಕಾಳೋ?

ಸೂರ್ಯಕಾಂತಿ ಕುಟುಂಬದ ಗ್ವಿಜೋಟಿಯ ಕುಲದ ಮೇಲೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಚಿಕ್ಕ ಕುಲ, ಸುಮಾರು ಆರು ಪ್ರಭೇದಗಳು, ಎಲ್ಲವೂ ಆಫ್ರಿಕಾ ಮೂಲದವು. ಅವುಗಳಲ್ಲಿ ನಮಗೆ ಪರಿಚಿತವಾದದ್ದು ಏಕವಾರ್ಷಿಕ ಗಿಡವಾದ ಹುಚ್ಚೆಳ್ಳು.

ಮೊದಲ ತೊಡಕು ಹೆಸರಿನಲ್ಲೇ ಇದೆ. ಹುಚ್ಚು + ಎಳ್ಳು, ಲೋಪಸಂಧಿ, ಅಷ್ಟು ಸರಿ. ಆದರೆ ಎಳ್ಳಿನ ಕುಟುಂಬವೇ ಬೇರೆ, ನಂಟು ಬಣ್ಣ ಮತ್ತು ಗಾತ್ರದ್ದು ಮಾತ್ರ. ಹಾಗಾದರೆ ಹುಚ್ಚು ಯಾರಿಗೆ? ತೆಲುಗಿನವರು ವೆರ್ರಿ ನುವ್ವುಲು ಎನ್ನುತ್ತಾರೆ, ಅದೂ ಹುಚ್ಚೇ. ತಮಿಳಿನಲ್ಲಿ ಪೇಯೆಳ್ಳು, ಅಂದರೆ ದೆವ್ವದ ಎಳ್ಳು. ನಾಯಿತುಳಸಿಯಲ್ಲಿ ನಾಯಿ ಮಾಡುವ ಕೆಲಸವನ್ನೇ ಇಲ್ಲಿ ಹುಚ್ಚು ಮಾಡುತ್ತಿದೆ, 'ಹಾಗೆ ಕಾಣುತ್ತದೆ, ಆದರೆ ಅದಲ್ಲ' ಎಂಬುದಷ್ಟೇ ಅದರ ಅರ್ಥ ಎಂದು ನನ್ನ ಎಣಿಕೆ. ಹಿಂದಿಯವರಾದರೋ ರಾಮತಿಲ್ ಎಂದು ಕರೆದು ಇದಕ್ಕೆ ಮರ್ಯಾದೆ ಕೊಟ್ಟಿದ್ದಾರೆ! ಹುಚ್ಚು ಸೇರಿದ ಬೇರೆ ಗಿಡದ ಹೆಸರುಗಳು ನಿಮ್ಮ ಕಿವಿಗೆ ಬಿದ್ದಿದ್ದರೆ ದಯವಿಟ್ಟು ತಿಳಿಸಿ.

ನನ್ನ ನಿಜವಾದ ತಕರಾರು 'ಬೀಜ' ಎಂಬ ಪದದ ಮೇಲೆ. ಎಳ್ಳಿನ ಕಾಯಿ ಬಿರಿದಾಗ ಉದುರುವುದು ಬೀಜವೇ. ಹುಚ್ಚೆಳ್ಳಿನದು ಹಾಗಲ್ಲ. ನೆನೆಸಿಟ್ಟ ಒಂದು ಕಾಳನ್ನು ಉಗುರಿನಿಂದ ಒತ್ತಿ ನೋಡಿ: ಹೊಳೆಯುವ ಕಪ್ಪು ಸಿಪ್ಪೆ ಸೀಳಿ, ಒಳಗಿನಿಂದ ಬಿಳಿಚಿದ ತಿರುಳು ಜಾರಿ ಬರುತ್ತದೆ. ಆ ಸಿಪ್ಪೆ ಕಾಯಿಯ ಗೋಡೆ. ಬೀಜ ಒಳಗಿನದು, ಒಂದೇ ಒಂದು. ಅಂದರೆ ನಾಲ್ಕೈದು ಮಿಲಿಮೀಟರ್ ಉದ್ದದ ಆ ಕಾಳು ಒಂದು ಪೂರ್ತಿ ಫಲ. ಇದರ ಬಂಧುಗಳಲ್ಲಿ ಹಲವಕ್ಕೆ ತುದಿಯಲ್ಲಿ ಗಾಳಿಗೆ ಹಾರಲು ರೋಮದ ಕುಚ್ಚಿರುತ್ತದೆ. ಇದು ಬೋಳು, ಹಾಗಾಗಿ ಬೀಜವೆಂದೇ ಮೋಸಹೋಗುತ್ತೇವೆ.

'ಕಾಳು' ಎಂಬ ಪದ ಮಾತ್ರ ಎಂದೂ ಸುಳ್ಳಾಡುವುದಿಲ್ಲ. ಸಾಸಿವೆ ಕಾಳು ಬೀಜ, ಜೋಳದ ಕಾಳು ಫಲ, ಮೆಣಸಿನ ಕಾಳೂ ಫಲ. ಕನ್ನಡ ಗಾತ್ರ ನೋಡಿ ಹೆಸರಿಟ್ಟಿತೇ ಹೊರತು ಸೀಳಿ ನೋಡಲಿಲ್ಲ. ಆದರೆ ಸಸ್ಯವರ್ಣನೆಯಲ್ಲಿ ಸೀಳಿ ನೋಡಲೇಬೇಕಲ್ಲ. 'ಒಂಟಿ ಬೀಜದ, ತಾನಾಗಿ ಬಿರಿಯದ ಒಣಫಲ' ಎಂದು ಬರೆದರೆ ಅದು ವಿವರಣೆ, ಪದವಲ್ಲ. ಕಾಳುಗಾಯಿ ಎನ್ನಬಹುದೇ? ಒಣಗಿದ ಮೇಲೆ ಕಾಯಿ ಹೇಗಾಗುತ್ತದೆ ಎನ್ನುವವರಿಗೆ ಒಣಮೆಣಸಿನಕಾಯಿಯನ್ನು ನೆನಪಿಸುತ್ತೇನೆ.

ಇನ್ನೊಂದು ಸಣ್ಣ ಪ್ರಶ್ನೆ. ಹಳದಿ ಹೂವಿನ ಸುತ್ತ ಸಾಮಾನ್ಯವಾಗಿ ಎಂಟು ಎಸಳುಗಳಿರುತ್ತವೆ. ನಿಜಕ್ಕೆ ಒಂದೊಂದೂ ಒಂದು ಹೆಣ್ಣು ಹೂ. ತುದಿಯ ಮೂರು ಹಲ್ಲುಗಳನ್ನು ನೋಡಿದರೆ ದಳಗಳು ಕೂಡಿಕೊಂಡದ್ದು ತಿಳಿಯುತ್ತದೆ. ಇವಕ್ಕೆ 'ಎಸಳುಹೂ' ಎಂದೂ ನಡುವಿನ ಕೊಳವೆಯಾಕಾರದವಕ್ಕೆ 'ಕೊಳವೆಹೂ' ಎಂದೂ ಬರೆದಿದ್ದೇನೆ. ಓದುವಾಗ ತಡೆಯುತ್ತದೆಯೇ?