ಫೈರ್‌ಫಿಶ್ ಬಾಯಿಗೆ ಊಟ ತಲುಪುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ಸರ್, ನಮಸ್ಕಾರ. ನಮ್ಮ ಮನೆಯಲ್ಲಿ ನಾಲ್ಕು ಅಡಿಯ ಉಪ್ಪುನೀರಿನ ಟ್ಯಾಂಕ್ ಇದೆ. ಎರಡು ಕ್ಲೌನ್ ಮೀನು, ಒಂದು ಯೆಲ್ಲೋ ಟ್ಯಾಂಗ್, ಒಂದು ಡ್ಯಾಮ್ಸೆಲ್ ಇವೆ. ಮೂರು ವಾರದ ಹಿಂದೆ ಒಂದು ಫೈರ್‌ಫಿಶ್ ತಂದೆ. ಫುಡ್ ಹಾಕಿದ ಕೂಡಲೇ ಉಳಿದವು ಮುಗಿಬೀಳುತ್ತವೆ. ಇದು ಕಲ್ಲಿನ ಸಂದಿಯಿಂದ ತಲೆ ಹಾಕುವಷ್ಟರಲ್ಲಿ ಎಲ್ಲ ಖಾಲಿ. ಜಾಸ್ತಿ ಹಾಕಿ ನೋಡಿದೆ, ನೀರಲ್ಲಿ ನೈಟ್ರೇಟ್ (ಉಳಿದ ಊಟ ಕೊಳೆತು ಸೇರುವ ಕಲ್ಮಶ) ಏರಿತು. ಮೀನಿನ ಹೊಟ್ಟೆ ಒಳಗೆ ಹೋಗಿದೆ. ಭಯವಾಗಿದೆ.

ಉತ್ತರ: ನಮಸ್ಕಾರ. ಜಾಸ್ತಿ ಹಾಕುವುದನ್ನು ಇವತ್ತೇ ನಿಲ್ಲಿಸಿ. ನಿಮ್ಮ ಟ್ಯಾಂಕಿನಲ್ಲಿ ಊಟ ಕಡಿಮೆ ಇಲ್ಲ, ಅದು ಆ ಮೀನಿನ ಹತ್ತಿರ ಹೋಗುತ್ತಿಲ್ಲ, ಅಷ್ಟೇ. ಪಂಕ್ತಿಯಲ್ಲಿ ಕೇಳಿ ಬಡಿಸಿಕೊಳ್ಳದ ಮಗುವಿನ ಎಲೆ ಹತ್ತಿರ ನಾವೇ ಹೋಗಿ ಬಡಿಸುತ್ತೇವೆ ಅಲ್ವಾ? ಇಲ್ಲೂ ಹಾಗೇ ಮಾಡಬೇಕು.

ಮೊದಲು ಜೋರಿನವರನ್ನು ಒಂದು ಕಡೆ ಕೂರಿಸಿ. ಟ್ಯಾಂಗ್ ಪಾಚಿ ತಿನ್ನುವ ಮೀನು. ನೋರಿ (ಒಣಗಿಸಿದ ಕಡಲ ಪಾಚಿ) ಹಾಳೆಯ ಒಂದು ತುಂಡನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಫೈರ್‌ಫಿಶ್ ಇರುವ ಕಡೆಯಿಂದ ದೂರದ ಗಾಜಿಗೆ ಅಂಟಿಸಿ. ಕ್ಲೌನ್, ಡ್ಯಾಮ್ಸೆಲ್‌ಗೂ ಅದೇ ಮೂಲೆಯಲ್ಲಿ ಸ್ವಲ್ಪ ಪೆಲೆಟ್ (ಗುಳಿಗೆ ಫುಡ್) ಹಾಕಿ. ಅವು ಅಲ್ಲಿ ಕಚ್ಚಾಡುತ್ತಿರುವಾಗ ನಿಮ್ಮ ಕೆಲಸ ಈ ಕಡೆ.

ಫೈರ್‌ಫಿಶ್ ಬಾಯಿ ಚಿಕ್ಕದು. ನೆಲಕ್ಕೆ ಬಿದ್ದದ್ದನ್ನು ಅದು ಹುಡುಕುವುದು ಕಡಿಮೆ. ಗುಹೆಯ ಬಾಯಲ್ಲಿ ತೇಲಿ, ನೀರಿನಲ್ಲಿ ಹರಿದು ಬರುವ ಸಣ್ಣ ಜೀವಿಗಳನ್ನು ಹಿಡಿದು ತಿನ್ನುವುದು ಅದರ ಸ್ವಭಾವ. ಅದಕ್ಕೆ ಫ್ರೋಜನ್ ಮೈಸಿಸ್ (ಸಿಗಡಿಯಂಥ ಸಣ್ಣ ಜೀವಿ) ಸಣ್ಣಗೆ ಕತ್ತರಿಸಿ, ಇಲ್ಲವೇ ಫ್ರೋಜನ್ ಬ್ರೈನ್ ಶ್ರಿಂಪ್ (ಉಪ್ಪುನೀರಿನ ಪುಟ್ಟ ಸಿಗಡಿ) ತಗೊಳ್ಳಿ. ಟ್ಯಾಂಕಿನ ನೀರಲ್ಲೇ ಕರಗಿಸಿ, ಸೋಸಿ, ಆ ರಸ ಚೆಲ್ಲಿಬಿಡಿ. ಸೂಜಿ ಇಲ್ಲದ ಸಿರಿಂಜಿಗೆ ಏರ್ ಪೈಪಿನ ಉದ್ದ ತುಂಡು ಸೇರಿಸಿ. ವೇವ್‌ಮೇಕರ್ (ನೀರಲ್ಲಿ ಅಲೆ ಎಬ್ಬಿಸುವ ಫ್ಯಾನು), ಪಂಪು ಎರಡನ್ನೂ ಹತ್ತು ನಿಮಿಷ ಆರಿಸಿ. ಪೈಪಿನ ತುದಿ ಸಂದಿಯಿಂದ ನಾಲ್ಕು ಬೆರಳು ದೂರ ಇರಲಿ. ಮೀನಿನ ಮುಖಕ್ಕೆ ಚಿಮ್ಮಿಸಬೇಡಿ, ಹೆದರಿ ಒಳಗೆ ಓಡುತ್ತದೆ. ನಾಲ್ಕೈದು ಕಾಳಿನಷ್ಟು ಬಿಡಿ, ಕಾಯಿರಿ, ಮತ್ತೆ ಬಿಡಿ. ದಿನಕ್ಕೆ ಒಂದೇ ಸಲ ಬೇಡ, ಎರಡು ಮೂರು ಸಲ ಸ್ವಲ್ಪ ಸ್ವಲ್ಪ. ಲೈಟ್ ಮಂದ ಇದ್ದಾಗ ಧೈರ್ಯ ಹೆಚ್ಚು ಬರುತ್ತದೆ. ಆಮೇಲೆ ಪಂಪು ಹಚ್ಚಲು ಮರೆಯಬೇಡಿ.

ಇನ್ನೊಂದು ಮಾತು. ಊಟದ ಹೊತ್ತು ಬಿಟ್ಟು ಸುಮ್ನೆ ಅರ್ಧ ಗಂಟೆ ಟ್ಯಾಂಕ್ ಮುಂದೆ ಕೂತು ನೋಡಿ. ಡ್ಯಾಮ್ಸೆಲ್ ಅದನ್ನು ಅಟ್ಟಿಸಿಕೊಂಡು ಹೋಗುತ್ತಿದ್ದರೆ ಯಾವ ಸಿರಿಂಜೂ ಸಾಲದು, ಡ್ಯಾಮ್ಸೆಲ್ ಹೊರಗೆ ಹೋಗಲೇಬೇಕು. ಟ್ಯಾಂಕಿಗೆ ಜಾಲರಿ ಮುಚ್ಚಳವೂ ಇರಲಿ, ಹೆದರಿದ ಫೈರ್‌ಫಿಶ್ ಮೇಲಕ್ಕೆ ಹಾರಿ ನೆಲಕ್ಕೆ ಬೀಳುತ್ತದೆ.

ಪ್ರಶ್ನೆ (ಗದಗ): ಸರ್, ನನ್ನ ಮ್ಯಾಂಡರಿನ್‌ಗೂ ಹೀಗೇ ಮಾಡಬಹುದಾ?

ಉತ್ತರ: ಮಾಡಬಹುದು, ಆದರೆ ಅದನ್ನೇ ನಂಬಬೇಡಿ. ಮ್ಯಾಂಡರಿನ್ ಇಡೀ ದಿನ ಕಲ್ಲಿನ ಮೇಲಿನ ಕೋಪೆಪಾಡ್ (ಚುಕ್ಕೆಯಷ್ಟು ಸಣ್ಣ ಜಲಜೀವಿ) ಹೆಕ್ಕಿ ತಿನ್ನುವ ಮೀನು. ಹೆಚ್ಚಿನವು ಫ್ರೋಜನ್ ಫುಡ್ ಮೂಸಿಯೂ ನೋಡುವುದಿಲ್ಲ. ಹಳೆಯ ಟ್ಯಾಂಕ್, ತುಂಬಾ ಲೈವ್ ರಾಕ್ (ಸಣ್ಣ ಜೀವಿಗಳು ನೆಲೆಸಿದ ಕಡಲ ಕಲ್ಲು), ಪಕ್ಕದಲ್ಲಿ ಪಾಚಿ ಬೆಳೆಸುವ ರೆಫ್ಯೂಜಿಯಂ ಅನ್ನುವ ಚಿಕ್ಕ ತೊಟ್ಟಿ ಇದ್ದರೆ ಬದುಕುತ್ತದೆ. ಸದ್ಯಕ್ಕೆ ಬ್ರೈನ್ ಶ್ರಿಂಪ್ ಮೊಟ್ಟೆ ಮರಿ ಮಾಡಿಸಿ ಕೊಡಿ. 28 ಡಿಗ್ರಿ ಬಿಸಿಯ ಉಪ್ಪುನೀರಲ್ಲಿ ಗಾಳಿ ಬಿಟ್ಟರೆ ಸುಮಾರು 24 ಗಂಟೆಗೆ ಮರಿ ಬರುತ್ತವೆ. ಹುಟ್ಟಿದ ಕೂಡಲೇ ಕೊಡಿ, ತಡ ಮಾಡಿದಷ್ಟೂ ಅವುಗಳ ಸತ್ವ ಇಳಿಯುತ್ತದೆ. ನಿಮ್ಮ ಟ್ಯಾಂಕ್ ಹಾಕಿ ಎಷ್ಟು ತಿಂಗಳಾಯಿತು, ತಿಳಿಸಿ.