ತಾತನ ಪೆಟ್ಟಿಗೆಯಲ್ಲಿ ಸಿಕ್ಕ ಈ ಸೈಕಲ್ ಪಾನಾ ಯಾವುದಕ್ಕೆ?

ಹಳೇಗಾಲಿ:
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ತಾತನ ಸೈಕಲ್ ಸಾಮಾನಿನ ಪೆಟ್ಟಿಗೆಯಲ್ಲಿ ಚಪ್ಪಟೆ ಉಕ್ಕಿನ ಪಾನಾ ಒಂದು ಸಿಕ್ಕಿದೆ. ತುದಿ ಕೊಕ್ಕೆ ತರಹ ಬಾಗಿದೆ. ಸೈಕಲ್ಲಿನ ಒಂದೊಂದು ನಟ್ಟಿಗೂ ಹಾಕಿ ನೋಡಿದೆ, ಯಾವುದಕ್ಕೂ ಕೂರಲಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಚೈನ್‌ಕೊಂಡಿ:
ಕೊಕ್ಕೆ ಇದೆ ಅಂದರೆ ಚೈನಿನದ್ದೇ. ಚೈನಿನ ಎರಡು ತುದಿಯನ್ನು ಹತ್ತಿರ ಎಳೆದು ಹಿಡಿದು ಕೊಂಡಿ ಹಾಕುವುದಕ್ಕೆ. ತುಂಬಾ ಹಳೇ ಸೈಕಲ್‌ಗಳಲ್ಲಿ ಚೈನಿನ ಪಿಚ್, ಅಂದರೆ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ಅಂತರ, ಒಂದು ಇಂಚು ಇರುತ್ತಿತ್ತು, ಈಗಿನ ಹಾಗೆ ಅರ್ಧ ಇಂಚಲ್ಲ.

ಅಳತೆಪಟ್ಟಿ:
ಇನ್ನೊಂದು ತುದಿಯಲ್ಲಿ ಏನಿದೆ? ದಪ್ಪ ಎಷ್ಟು? ಇಷ್ಟೂ ಇಲ್ಲದೆ ಏನಂತ ಹೇಳೋದು?

ಹಳೇಗಾಲಿ:
ಇನ್ನೊಂದು ತುದಿಯಲ್ಲಿ ಎರಡು ಗಿಡ್ಡ ಗೂಟಗಳಿವೆ, ನಡುವಿನ ಅಂತರ 30 ಮಿ.ಮೀ. ದಪ್ಪ 4 ಮಿ.ಮೀ. ಕೊಕ್ಕೆಯ ಒಳಗೆ ಒಂದೇ ಒಂದು ಹಲ್ಲಿದೆ.

ಚೈನ್‌ಕೊಂಡಿ:
ನೋಡಿ, ಗೂಟ! ಚೈನಿನ ಕೊಂಡಿಯೊಳಗೆ ಹೋಗಿ ಕೂರೋದು ಅದೇ.

ಅಳತೆಪಟ್ಟಿ:
ಲೆಕ್ಕ ಹೊಂದಬೇಕಲ್ವಾ? ಅರ್ಧ ಇಂಚಿನ ಪಿಚ್ ಅಂದರೆ 12.7 ಮಿ.ಮೀ. ಒಂದು ಇಂಚು ಅಂದರೆ 25.4. 30 ಯಾವುದಕ್ಕೂ ಹೊಂದುವುದಿಲ್ಲ.

ಚೈನ್‌ಕೊಂಡಿ:
ಅಷ್ಟು ವರ್ಷ ಬಳಸಿದ ಸಾಮಾನು, ಗೂಟ ಸ್ವಲ್ಪ ಬಾಗಿರಬಹುದು.

ಫ್ರೀವೀಲ್‌ಪ್ರೇಮಿ:
ನನ್ನ ಪ್ರಕಾರ ಫ್ರೀವೀಲಿನದ್ದು, ಅದೇ ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಹಲ್ಲುಗಾಲಿ. ಅದರ ಮುಚ್ಚಳದಲ್ಲಿ ಎರಡು ತೂತು ಇರುತ್ತವೆ. ಮುಚ್ಚಳದ್ದು ಎಡ ಮರೆ (ಉಲ್ಟಾ ಥ್ರೆಡ್), ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಬಿಚ್ಚುವ ಮುಂಚೆ ಕೆಳಗೆ ಬಟ್ಟೆ ಹಾಸಿಕೊಳ್ಳಿ, ಒಳಗಿನ 1/8 ಇಂಚಿನ ಗುಂಡುಗಳು ಚೆಲ್ಲಿದರೆ ಹುಡುಕಿ ಹುಡುಕಿ ಸಾಕಾಗುತ್ತದೆ. ನಾನು ನಾಲ್ಕು ಹಳೇ ಫ್ರೀವೀಲ್ ಬಿಚ್ಚಿ ತೊಳೆದು ಮತ್ತೆ ಕೂರಿಸಿದ್ದೇನೆ, ಇವತ್ತಿಗೂ ಗಡಿಯಾರದ ಹಾಗೆ ಟಿಕ್ ಟಿಕ್ ಅಂತ ತಿರುಗುತ್ತವೆ.

ಕಪ್ಪುಗ್ರೀಸ್:
ಫ್ರೀವೀಲಿಗಾದರೆ ಆ ಕೊಕ್ಕೆ ಯಾಕೆ? ಇದು ಬಿಬಿ ಪಾನಾ, ಬಿಬಿ ಅಂದರೆ ಬಾಟಮ್ ಬ್ರ್ಯಾಕೆಟ್, ಪೆಡಲ್ ಎಕ್ಸಲ್ ತಿರುಗುವ ಜಾಗ. ಎಕ್ಸಲಿನ ಎಡಗಡೆ ಕಪ್ಪಿನ (ಗುಂಡುಗಳು ಕೂರುವ ಬಟ್ಟಲು) ಮೇಲೆ ಒಂದು ಲಾಕ್ ರಿಂಗ್ ಇರುತ್ತದೆ, ಅದರ ಅಂಚಿನ ಗಾಡಿಗೆ (ಕಚ್ಚಿಗೆ) ಕೊಕ್ಕೆಯ ಹಲ್ಲು ಸಿಕ್ಕಿಸಬೇಕು. ರಿಂಗ್ ಸಡಿಲವಾದ ಮೇಲೆ ಕಪ್ಪಿನ ಎರಡು ತೂತಿಗೆ ಗೂಟ ಹಾಕಿ ಬಿಗಿ ಸರಿಮಾಡಬೇಕು. ಎರಡೂ ಕೆಲಸಕ್ಕೆ ಒಂದೇ ಪಾನಾ. ಬಲಗಡೆ ಕಪ್ ಮಾತ್ರ ಎಡ ಮರೆ, ಅದನ್ನು ಮುಟ್ಟಬೇಡಿ.

ಚೈನ್‌ಕೊಂಡಿ:
ಎಲ್ಲಾ ಸೈಕಲ್ಲಿಗೂ ಎಡ ಮರೆ ಅನ್ನೋದು ತಪ್ಪು. ಇಟಲಿಯವಕ್ಕೆ ಎರಡೂ ಕಡೆ ಬಲ ಮರೆಯೇ.

ಕಪ್ಪುಗ್ರೀಸ್:
ನಾನು ಹೇಳಿದ್ದು ಇಂಗ್ಲಿಷ್ ಮರೆ, ಅಡ್ಡಳತೆ 1.37 ಇಂಚು, ಇಂಚಿಗೆ 24 ಸುತ್ತು. ಇವರು ಯಾವ ಸೈಕಲ್ ಅಂತ ಇನ್ನೂ ಹೇಳಿಯೇ ಇಲ್ಲ.

ಹಳೇಗಾಲಿ:
ಇಂಗ್ಲಿಷ್ ಸೈಕಲ್ಲೇ, ರಾಡ್ ಬ್ರೇಕಿನದ್ದು. ಈಗಷ್ಟೇ ನೋಡಿ ಬಂದೆ. ಎಡಗಡೆ ಗ್ರೀಸು, ಮಣ್ಣು ಸೇರಿ ಬೆರಳು ದಪ್ಪ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಉಜ್ಜಿ ಉಜ್ಜಿ ತೆಗೆದೆ. ಅದರಡಿ ಅಷ್ಟು ದಿನ ನಾನು ಕಂಡೇ ಇರದ ಒಂದು ರಿಂಗ್, ಅದರ ಸುತ್ತ ಗಾಡಿಗಳು! ಕೊಕ್ಕೆ ಹಾಕಿದೆ, ಹಲ್ಲು ಗಾಡಿಯೊಳಗೆ ಟಕ್ ಅಂತ ಕೂತಿತು. ಒಂದು ಗಾಡಿಯ ಅಂಚು ಸವೆದು ಹೊಳೆಯುತ್ತಿದೆ. ತಾತ ಪ್ರತಿ ಸಲ ಅಲ್ಲಿಗೇ ಹಾಕುತ್ತಿದ್ದರು ಅಂತ ಕಾಣುತ್ತದೆ. ಕೈಯಲ್ಲಿ ಪಾನಾ ಹಿಡಿದುಕೊಂಡು ಸುಮ್ನೆ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. ಕಪ್ಪುಗ್ರೀಸ್ ಅಣ್ಣ, ತುಂಬಾ ಥ್ಯಾಂಕ್ಸ್.

ಆದರೆ ಕಪ್ ಹೊರಗೆ ತೆಗೆಯೋಕೆ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಬಿಚ್ಚಬೇಕು, ಅದನ್ನು ಎಕ್ಸಲಿಗೆ ಹಿಡಿದಿಡುವ ಕಾಟರ್ ಪಿನ್ ಜಪ್ಪಯ್ಯ ಅಂದರೂ ಅಲ್ಲಾಡುತ್ತಿಲ್ಲ.

ಕಪ್ಪುಗ್ರೀಸ್:
ಸಂತೋಷ ಆಯಿತು. ಕಾಟರ್ ಪಿನ್ನಿನ ನಟ್ ಪೂರ್ತಿ ಬಿಚ್ಚಬೇಡಿ, ಪಿನ್ನಿನ ತುದಿಗೆ ಸಮವಾಗಿ ಇರಲಿ, ಇಲ್ಲದಿದ್ದರೆ ಮರೆ ಚಪ್ಪಟೆಯಾಗುತ್ತದೆ. ಕ್ರ್ಯಾಂಕಿನ ಕೆಳಗೆ ನೆಲಕ್ಕೆ ಊರಿದ ಒಂದು ಗಟ್ಟಿ ಪೈಪ್ ಕೊಡಿ, ಪಿನ್ನಿನ ಇನ್ನೊಂದು ತುದಿ ಪೈಪಿನ ತೂತಿನೊಳಗೆ ಇಳಿಯುವ ಹಾಗೆ. ಆಮೇಲೆ ಒಂದೇ ಜೋರು ಏಟು. ಸಣ್ಣ ಸಣ್ಣ ಏಟು ಬೇಡ.

ಚೈನ್‌ಕೊಂಡಿ:
ಪೈಪಿಗಿಂತ ಮರದ ತುಂಡು ಒಳ್ಳೆಯದು.

ಅಳತೆಪಟ್ಟಿ:
ಮರ ಏಟನ್ನು ನುಂಗಿಬಿಡುತ್ತದೆ. ಪೈಪೇ ಇಡಿ. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿರಿ.