ಸೊಳ್ಳೆಗೆ ಬ್ಯಾಕ್ಟೀರಿಯಾ: ಇಂದೇ ತೀರ್ಮಾನವಾಗಲಿ (ಬಡಾವಣೆ ನಿವಾಸಿಗಳ ಸಂದೇಶ ಗುಂಪಿನಿಂದ)

ಮನೆ 14 (ಬೆಳಗಿನ ಜಾವ 4.40): ಮಗಳಿಗೆ ಡೆಂಗಿ ವಾಸಿಯಾಗಿ ಹದಿನೈದು ದಿನವೂ ಆಗಿಲ್ಲ, ನಿನ್ನೆ ರಾತ್ರಿಯಿಡೀ ಮನೆಮಂದಿಯೆಲ್ಲ ಎದ್ದು ಕುಳಿತು ಸೊಳ್ಳೆ ಹೊಡೆದಿದ್ದೇವೆ. ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಇರುವ ಸೊಳ್ಳೆಗಳನ್ನು ಬಿಟ್ಟರೆ ಡೆಂಗಿ ಹತೋಟಿಗೆ ಬರುತ್ತದಂತೆ. ಅದನ್ನು ತರಿಸಿ, ಇಲ್ಲವಾದರೆ ಮುಂದಿನ ತಿಂಗಳಿನಿಂದ ನನ್ನ ವಂತಿಗೆಯನ್ನು ಕೇಳಬೇಡಿ.

ಮನೆ 3: ಸೊಳ್ಳೆಗೆ ಸೊಳ್ಳೆಯನ್ನೇ ಬಿಡುವುದೆಂದರೇನು? ಮೂಲೆಮನೆಯವರ ತಾರಸಿಯಲ್ಲಿ ಮುಚ್ಚಳವಿಲ್ಲದ ತೊಟ್ಟಿ ಇದೆಯೆಂದು ಮೂರು ಸಭೆಗಳಲ್ಲಿ ಹೇಳಿದ್ದೇನೆ. ನಡಾವಳಿಯಲ್ಲಿ ಒಮ್ಮೆಯೂ ಬರೆದಿಲ್ಲ.

ಮನೆ 22: ಅದು ಹುಚ್ಚು ಮಾತಲ್ಲ. ಸುಮಾರು ಅರ್ಧದಷ್ಟು ಕೀಟಜಾತಿಗಳಲ್ಲಿ ಈ ಬ್ಯಾಕ್ಟೀರಿಯಾ ತಾನಾಗಿಯೇ ಇದೆ, ಆದರೆ ಡೆಂಗಿ ಹರಡುವ ಈಡಿಸ್ ಈಜಿಪ್ಟಿಯಲ್ಲಿ ಸಹಜವಾಗಿ ನೆಲೆಸಿಲ್ಲ. ಹಣ್ಣುನೊಣದಿಂದ ತೆಗೆದು ಈ ಸೊಳ್ಳೆಯ ಮೊಟ್ಟೆಗೆ ಸೂಜಿಯಿಂದ ಸೇರಿಸಿದಾಗ, ಆ ಸಂತತಿಯ ಸೊಳ್ಳೆಯೊಳಗೆ ವೈರಸ್ ಸುಲಭವಾಗಿ ಬೆಳೆಯುವುದಿಲ್ಲ. ಬ್ಯಾಕ್ಟೀರಿಯಾ ಇರುವ ಗಂಡು, ಅದಿಲ್ಲದ ಹೆಣ್ಣನ್ನು ಕೂಡಿದರೆ ಮೊಟ್ಟೆ ಮರಿಯಾಗದ ಕಾರಣ, ಬ್ಯಾಕ್ಟೀರಿಯಾ ಹೊತ್ತ ಹೆಣ್ಣಿನ ಸಂತತಿಯೇ ಕ್ರಮೇಣ ಊರು ತುಂಬುತ್ತದೆ. ಇಂಡೊನೇಷ್ಯಾದ ಯೋಗ್ಯಕರ್ತಾದಲ್ಲಿ ನಡೆದ ಪ್ರಯೋಗದಲ್ಲಿ ಡೆಂಗಿ ಶೇ. 77ರಷ್ಟು ತಗ್ಗಿತೆಂದು 2021ರಲ್ಲಿ ಪ್ರಕಟವಾಯಿತು. ಆದರೆ ಇದು ಒಂದು ಬಡಾವಣೆ ಚಂದಾ ಎತ್ತಿ ತರಿಸುವಂಥದ್ದಲ್ಲ. ಸರ್ಕಾರದ ಅನುಮತಿ ಬೇಕು, ಇಡೀ ಊರು ಒಪ್ಪಬೇಕು.

ಮನೆ 9 (ಬಂದದ್ದನ್ನು ಹಾಗೆಯೇ ಕಳಿಸಿದ್ದೇನೆ): ಈ ಸೊಳ್ಳೆ ಕಚ್ಚಿದವರಿಗೆ ಮಕ್ಕಳಾಗುವುದಿಲ್ಲ, ಎಲ್ಲರಿಗೂ ತಿಳಿಸಿ.

ಮನೆ 22: ಸುಳ್ಳು, ದಯವಿಟ್ಟು ಅಳಿಸಿ. ಆ ಬ್ಯಾಕ್ಟೀರಿಯಾ ಮನುಷ್ಯರಿಗೆ ಸೋಂಕಾಗಿ ಹರಡುವುದಿಲ್ಲ. ಅಂದ ಹಾಗೆ ಈಡಿಸ್ ಹೆಚ್ಚಾಗಿ ಕಚ್ಚುವುದು ಹಗಲಿನಲ್ಲಿ. ನಿನ್ನೆ ರಾತ್ರಿ ಕಾಡಿದ್ದು ಬಹುಶಃ ಮೋರಿಯಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ. ವೋಲ್ಬಾಕಿಯಾ 1924ರಲ್ಲಿ ಮೊದಲು ಕಂಡದ್ದೇ ಕ್ಯೂಲೆಕ್ಸ್ ಜಾತಿಯಲ್ಲಿ.

ಮನೆ 17: ಹಾಗಾದರೆ ನಮ್ಮ ಮೋರಿಯವರು ಮೊದಲೇ ಲಸಿಕೆ ಹಾಕಿಸಿಕೊಂಡು ಬಂದಿದ್ದಾರೆ.

ಮನೆ 14: ನಗುವ ವಿಷಯವಲ್ಲ. ನೀರಿಗೆ ಹಾಕಿ ಸೊಳ್ಳೆಯ ಲಾರ್ವಾ (ಮರಿಹುಳು) ಕೊಲ್ಲುವ ಬಿಟಿಐ ಪುಡಿಯನ್ನಾದರೂ ತರಿಸಬಹುದಲ್ಲವೇ?

ಮನೆ 22: ಅದು ಬೇರೆಯೇ ಬ್ಯಾಕ್ಟೀರಿಯಾ, 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕಿದ್ದು. ಅದರ ವಿಷದ ಹರಳನ್ನು ನುಂಗಿದ ಲಾರ್ವಾದ ಕರುಳು ಹಾಳಾಗಿ ಸಾಯುತ್ತದೆ. ತೊಟ್ಟಿಗೆ ಒಳ್ಳೆಯದು, ಆಗಾಗ ಹಾಕುತ್ತಿರಬೇಕು; ಕೊಳಚೆ ತುಂಬಿದ ಮೋರಿಯಲ್ಲಿ ಮಾತ್ರ ಬೇಗ ಸತ್ವ ಕಳೆದುಕೊಳ್ಳುತ್ತದೆ.

ಮನೆ 3: ತೊಟ್ಟಿ ಎಂದು ನಾನು ಮೊದಲೇ ಹೇಳಲಿಲ್ಲವೇ? ಈಗಲಾದರೂ ಬರೆದುಕೊಳ್ಳಿ.

ಮನೆ 31: ಮೂಲೆಮನೆಯವರು ನಾವೇ. ತೊಟ್ಟಿಗೆ ಮುಚ್ಚಳ ಹಾಕಿಸಿ ತಿಂಗಳಾಯಿತು. ಮೋರಿಯ ಚಪ್ಪಡಿಯನ್ನು ಒಡೆದದ್ದು ನಿಮ್ಮ ಮನೆಗೆ ಮರಳು ತಂದ ಲಾರಿ. ಅಲ್ಲಿ ನೀರು ಕಟ್ಟಿ, ಕಡ್ಡಿಯಾಡಿಸಿದರೆ ಹುಳುಗಳು ಕುಣಿಯುತ್ತವೆ.

ಮನೆ 3: ಲಾರಿ ಎಲ್ಲರ ಮನೆಗೂ ಬರುತ್ತದೆ.

ಕಾರ್ಯದರ್ಶಿ: ಭಾನುವಾರದ ಸಭೆಯ ವಿಷಯವನ್ನು ‘ಸೊಳ್ಳೆ ನಿಯಂತ್ರಣ’ ಎಂಬುದರ ಬದಲು ‘ಭಾರಿ ವಾಹನಗಳ ಪ್ರವೇಶ’ ಎಂದು ತಿದ್ದಲಾಗಿದೆ.

ಮನೆ 14: ಪುಡಿಯ ವಿಷಯ ಏನಾಯಿತು?